ಯುನಿಕ್ಸ್‌ಗೆ ವಿಎಂಎಸ್ ವೇಷ

ವಿಎಂಎಸ್ ಕಂಪ್ಯೂಟರ್‌ನಲ್ಲಿ ಇಮೇಲ್ ಬರೆದು ಮುಗಿಸಿದವರು ಕಂಟ್ರೋಲ್ ಮತ್ತು ಝಡ್ ಕೀಲಿಗಳನ್ನು ಒಟ್ಟಿಗೆ ಒತ್ತುತ್ತಿದ್ದರು. ಪತ್ರ ಹೊರಡುತ್ತಿತ್ತು. ಅವರೇ ಯುನಿಕ್ಸ್ ಯಂತ್ರದ ಮುಂದೆ ಕೂತು ಅದೇ ಕೀಲಿಗಳನ್ನು ಒತ್ತಿದರೆ ಪತ್ರ ಹೋಗುವುದಿರಲಿ, ಮೇಲ್ ಪ್ರೋಗ್ರಾಮೇ ಅರ್ಧದಲ್ಲಿ ನಿಂತುಬಿಡುತ್ತಿತ್ತು. ಅಲ್ಲಿ ಪತ್ರ ಮುಗಿಯಿತೆಂದು ತಿಳಿಸಬೇಕಾದದ್ದು ಕಂಟ್ರೋಲ್-ಡಿ.

ವಿಎಂಎಸ್ ಎಂಬುದು ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1977ರಲ್ಲಿ ಪ್ರಕಟಿಸಿದ ವ್ಯಾಕ್ಸ್ ಕಂಪ್ಯೂಟರ್‌ಗಳ ಕಾರ್ಯಾಚರಣ ವ್ಯವಸ್ಥೆ. ಅದರ ‘ಮೇಲ್’ ಸೌಲಭ್ಯಕ್ಕೆ ಕಿಟಕಿ, ಚಿತ್ರ, ಮೌಸ್ ಯಾವುದೂ ಬೇಕಿರಲಿಲ್ಲ. ‘ಸೆಂಡ್’, ‘ರೀಡ್’, ‘ಡೈರೆಕ್ಟರಿ’ ಎಂದು ಟೈಪ್ ಮಾಡಿದರೆ ಸಾಕು. ದೊಡ್ಡಕ್ಷರವೋ ಚಿಕ್ಕಕ್ಷರವೋ ಎಂಬ ತಕರಾರೂ ಇಲ್ಲ. ಮುಂದೆ ವ್ಯಾಕ್ಸ್‌ಗಳ ಜಾಗಕ್ಕೆ ಯುನಿಕ್ಸ್ ಎಂಬ ಇನ್ನೊಂದು ಕಾರ್ಯಾಚರಣ ವ್ಯವಸ್ಥೆಯ ಯಂತ್ರಗಳು ಬಂದಾಗ, ಬೆರಳಿಗಂಟಿದ ಅಭ್ಯಾಸವನ್ನು ಬಿಡಲಾಗದವರಿಗೆ ಒಂದೇ ದಾರಿ ಉಳಿಯಿತು: ಯುನಿಕ್ಸ್ ಮೇಲೆ ಓಡುವ, ಆದರೆ ವಿಎಂಎಸ್ ಮೇಲ್‌ನಂತೆ ನಡೆದುಕೊಳ್ಳುವ ಪ್ರೋಗ್ರಾಂ.

ಇಂಥ ವೇಷ ಹಾಕುವುದು ಎಷ್ಟು ಕಷ್ಟ? ಆಜ್ಞೆಗಳ ಹೆಸರು ಬದಲಿಸುವುದು ಸುಲಭ. ಕಂಟ್ರೋಲ್-ಝಡ್ ಹಾಗಲ್ಲ. ಆ ಎರಡು ಕೀಲಿ ಸೇರಿ ಹುಟ್ಟಿಸುವುದು, ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯ 26ನೇ ಸಂಕೇತವನ್ನು. ಯುನಿಕ್ಸ್‌ನಲ್ಲಿ ಅದು ಪ್ರೋಗ್ರಾಮಿನ ಕೈಸೇರುವ ಮೊದಲೇ ಟರ್ಮಿನಲ್ ನೋಡಿಕೊಳ್ಳುವ ಡ್ರೈವರ್ ಅದನ್ನು ಹಿಡಿದು, ‘ನಿಲ್ಲು’ ಎಂಬ ಸಂಕೇತವಾಗಿ ಮಾರ್ಪಡಿಸುತ್ತದೆ. ಆದ್ದರಿಂದ ಅನುಕರಿಸುವ ಪ್ರೋಗ್ರಾಂ ಪತ್ರ ಬರೆಸಿಕೊಳ್ಳಲು ಶುರುಮಾಡುವ ಮುಂಚೆ ಆ ಡ್ರೈವರಿಗೆ ‘ಈ ಕೀಲಿಯನ್ನು ನೀನು ಮುಟ್ಟಬೇಡ, ನನಗೇ ಕೊಡು’ ಎಂದು ಹೇಳಬೇಕು. ಕೆಲಸ ಮುಗಿದ ಮೇಲೆ ಮರೆಯದೆ ಎಲ್ಲವನ್ನೂ ಮೊದಲಿನಂತೆ ಮಾಡಬೇಕು.

ನಿಜವಾದ ಅಪಾಯ ಹೊರಗೆ ಹೋಗುವ ಬಾಗಿಲಲ್ಲಿದೆ. ವಿಎಂಎಸ್ ಮೇಲ್‌ನಲ್ಲಿ ಅಳಿಸಿದ ಪತ್ರಗಳು ‘ವೇಸ್ಟ್‌ಬಾಸ್ಕೆಟ್’ ಎಂಬ ಕಡತಕೋಶಕ್ಕೆ ಬೀಳುತ್ತವೆ. ‘ಎಕ್ಸಿಟ್’ ಎಂದರೆ ಸಾಮಾನ್ಯವಾಗಿ ಆ ಬುಟ್ಟಿ ಖಾಲಿ. ‘ಕ್ವಿಟ್’ ಎಂದರೆ ಬುಟ್ಟಿ ಇದ್ದಂತೆಯೇ ಇರುತ್ತದೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಕರ್ಟ್ ಶೋನ್ಸ್ 1978ರಲ್ಲಿ ಬರೆದ ಯುನಿಕ್ಸ್ ಮೇಲ್ ಪ್ರೋಗ್ರಾಂನಲ್ಲಿ ಇದು ತದ್ವಿರುದ್ಧ. ಅಲ್ಲಿ ‘ಕ್ವಿಟ್’ ಎಂದರೆ ಅಳಿಸಿದ್ದು ಅಳಿಸಿಯೇ ಹೋಗುತ್ತದೆ, ‘ಎಕ್ಸಿಟ್’ ಎಂದರೆ ಏನೂ ಬದಲಾಗುವುದಿಲ್ಲ. ಎರಡೂ ಒಪ್ಪಬಹುದಾದ ತೀರ್ಮಾನಗಳೇ. ಆದರೆ ಒಂದರಲ್ಲಿ ಪಳಗಿದವರು ಇನ್ನೊಂದಕ್ಕೆ ಬಂದರೆ, ಎಚ್ಚರಿಕೆಯಿಂದ ಆರಿಸಿದ ಆಜ್ಞೆಯೇ ಪತ್ರಗಳನ್ನು ನುಂಗುತ್ತದೆ. ಗೊತ್ತಿಲ್ಲದ ಆಜ್ಞೆಗಿಂತ ಚೆನ್ನಾಗಿ ಗೊತ್ತಿದೆ ಎಂದುಕೊಂಡ ಆಜ್ಞೆಯೇ ಹೆಚ್ಚು ಕೆಡುಕು ಮಾಡುವುದು ಹೀಗೆ.

ಇಷ್ಟೆಲ್ಲವನ್ನೂ ಜಾಣ ಪ್ರೋಗ್ರಾಮರ್ ಸರಿಪಡಿಸಬಲ್ಲ. ಸರಿಪಡಿಸಲಾಗದ್ದು ಒಂದಿದೆ. ಡಿಜಿಟಲ್ ಕಂಪನಿಯದೇ ಆದ ಡೆಕ್‌ನೆಟ್ ಜಾಲದಲ್ಲಿ ವಿಎಂಎಸ್ ಮೇಲ್ ಪತ್ರ ಕಳಿಸುತ್ತಿದ್ದ ರೀತಿ ಫೋನ್ ಮಾಡಿದ ಹಾಗೆ: ಆ ಕ್ಷಣದಲ್ಲೇ ಆ ಕಡೆಯ ಯಂತ್ರವನ್ನು ಸಂಪರ್ಕಿಸಿ, ‘ಈ ಹೆಸರಿನವರು ಅಲ್ಲಿದ್ದಾರೆಯೇ’ ಎಂದು ಕೇಳುತ್ತಿತ್ತು. ಇಲ್ಲವಾದರೆ ನೀವು ಪತ್ರದ ಮೊದಲ ಸಾಲು ಬರೆಯುವ ಮುನ್ನವೇ ದೋಷದ ಸಂದೇಶ. ಆ ಯಂತ್ರ ಕೆಟ್ಟು ಕೂತಿದ್ದರೆ ಪತ್ರ ಹೋಗುವುದೇ ಇಲ್ಲ. ಯುನಿಕ್ಸ್ ಲೋಕ ಹಿಡಿದದ್ದು ಜಾನ್ ಪೋಸ್ಟೆಲ್ 1982ರಲ್ಲಿ ಬರೆದಿಟ್ಟ, ಪತ್ರ ಸಾಗಿಸುವ ಎಸ್‌ಎಂಟಿಪಿ ನಿಯಮಗಳನ್ನು. ಇಲ್ಲಿ ಮೇಲ್ ಪ್ರೋಗ್ರಾಂ ಪತ್ರವನ್ನು ಸೆಂಡ್‌ಮೇಲ್‌ನಂಥ ಇನ್ನೊಂದು ಪ್ರೋಗ್ರಾಂಗೆ ಒಪ್ಪಿಸಿ ಕೈತೊಳೆದುಕೊಳ್ಳುತ್ತದೆ. ಅದು ಸರತಿಯಲ್ಲಿಟ್ಟು, ಆ ಕಡೆಯ ಯಂತ್ರ ಸಿಗದಿದ್ದರೆ ದಿನಗಟ್ಟಲೆ ಮತ್ತೆ ಮತ್ತೆ ಯತ್ನಿಸುತ್ತದೆ. ವಿಳಾಸ ತಪ್ಪಾಗಿದ್ದರೆ ಆ ಸುದ್ದಿ ಪತ್ರ ಹಿಂತಿರುಗಿದಾಗಲೇ ಗೊತ್ತಾಗುವುದು. ಮೇಲಿನ ತೆರೆ ಎಷ್ಟೇ ವಿಎಂಎಸ್‌ನಂತೆ ಕಂಡರೂ, ಅದೇ ಯಂತ್ರದ ಬಳಕೆದಾರರನ್ನು ಬಿಟ್ಟರೆ ಉಳಿದವರ ಬಗ್ಗೆ ಆ ತಕ್ಷಣದ ಭರವಸೆಯನ್ನು ಅನುಕರಣೆ ಕೊಡಲಾರದು. ನನ್ನ ಮಟ್ಟಿಗೆ ಇದು ನಷ್ಟವಲ್ಲ. ಯಂತ್ರಗಳು ದಿನವೂ ಕೈಕೊಡುವ ದೊಡ್ಡ ಜಾಲದಲ್ಲಿ ತಾಳ್ಮೆಯ ಅಂಚೆಯೇ ಬಾಳುತ್ತದೆ.

ಮೂಲ ವ್ಯವಸ್ಥೆ ಸತ್ತಿಲ್ಲ ಎಂಬುದನ್ನೂ ಹೇಳಬೇಕು. ಡಿಜಿಟಲ್ ಕಂಪನಿ 1998ರಲ್ಲಿ ಕಾಂಪ್ಯಾಕ್‌ಗೆ, ಅದು 2002ರಲ್ಲಿ ಎಚ್‌ಪಿಗೆ ಸೇರಿತು. 2009ರಲ್ಲಿ ಎಚ್‌ಪಿ ಈಗ ಓಪನ್‌ವಿಎಂಎಸ್ ಎನಿಸಿಕೊಂಡಿರುವ ವಿಎಂಎಸ್‌ನ ಅಭಿವೃದ್ಧಿ ಕೆಲಸವನ್ನು ಬೆಂಗಳೂರಿಗೆ ತಂದಿತು. ಈಗ ಅದನ್ನು ಬೆಳೆಸುತ್ತಿರುವುದು ವಿಎಸ್‌ಐ ಎಂಬ ಅಮೆರಿಕದ ಕಂಪನಿ. 2022ರಲ್ಲಿ ಬಂದ 9.2ನೇ ಆವೃತ್ತಿ ಸಾಮಾನ್ಯ ಎಕ್ಸ್86 ಪ್ರೊಸೆಸರ್‌ಗಳಿಗೂ ಒಗ್ಗಿಕೊಂಡಿದೆ.

ಕಮಾಂಡ್ ಲೈನ್ ಅಂಚೆಯ ರುಚಿ ನೋಡಬೇಕೆನ್ನುವವರು ಲಿನಕ್ಸ್‌ನಲ್ಲಿ ಮೇಲ್‌ಎಕ್ಸ್ ಹಾಕಿಕೊಳ್ಳಿ. ಅದು ಬರ್ಕ್ಲಿಯ ಮೇಲ್‌ನ ವಂಶದ್ದೇ. ಬೇರೆ ವ್ಯವಸ್ಥೆಯ ವೇಷ ಹಾಕಿದ ಪ್ರೋಗ್ರಾಂ ಆದರೆ, ಮುಖ್ಯವಲ್ಲದ ನಾಲ್ಕು ಪತ್ರಗಳನ್ನು ನಿಮಗೇ ಕಳಿಸಿಕೊಂಡು, ಒಂದನ್ನು ಅಳಿಸಿ, ಎರಡೂ ಬಾಗಿಲಿನಿಂದ ಹೊರಬಂದು ಪರೀಕ್ಷಿಸಿ. ಆಮೇಲಷ್ಟೇ ನಿಜವಾದ ಅಂಚೆಪೆಟ್ಟಿಗೆಯನ್ನು ಅದಕ್ಕೆ ಒಪ್ಪಿಸಿ.