ಸೈಕಲ್ ಪ್ರವಾಸಕ್ಕೆ ಎಂಥ ತಾಡಪತ್ರಿ?

ಪ್ರಶ್ನೆ: ಗೆಳೆಯರಿಬ್ಬರು ಅಮೀನಗಡದಿಂದ ಐಹೊಳೆ, ಪಟ್ಟದಕಲ್ಲು, ಬಾದಾಮಿಗೆ ಸೈಕಲ್ ಮೇಲೆ ಹೊರಟಿದ್ದೇವೆ. ರಾತ್ರಿ ತಂಗಲು ಯಾವ ತಾಡಪತ್ರಿ ಒಯ್ಯಬೇಕು?

ಉತ್ತರ: ಸಂತೆಯ ನೀಲಿ ತಾಡಪತ್ರಿ ಅಗ್ಗ, ಆದರೆ ಭಾರ. ಸಿಲಿಕೋನ್ ಲೇಪಿಸಿದ ಪಾಲಿಯೆಸ್ಟರ್ ಕೊಳ್ಳಿ. 3 ಮೀಟರ್ ಚೌಕದ್ದು ಸುಮಾರು ಅರ್ಧ ಕಿಲೊ ತೂಗುತ್ತದೆ, ಇಬ್ಬರಿಗೆ ಸಾಕು. ನೈಲಾನ್ ನೆನೆದರೆ ಜೋಲುತ್ತದೆ, ನಡುರಾತ್ರಿ ಎದ್ದು ಹಗ್ಗ ಬಿಗಿಯಬೇಕು. ಕಂಬ ಬೇಡ, ಸೈಕಲ್ಲೇ ಕಂಬ. ನಿಜವಾದ ತೊಡಕು ಗೂಟದ್ದು: ಹುನಗುಂದದ ಎರೆಮಣ್ಣು ನೆನೆದರೆ ಗೂಟ ನಿಲ್ಲದು, ಬಾದಾಮಿಯ ಮರಳುಗಲ್ಲಿನಲ್ಲಿ ಗೂಟ ಇಳಿಯದು. ಉದ್ದ ಹಗ್ಗ ಒಯ್ದು ಬಂಡೆಗೋ ಜಾಲಿಗೋ ಕಟ್ಟಿ. ಮುಂಗಾರಿನಲ್ಲಿ ಪಡುವಣ ಮಗ್ಗುಲನ್ನು ನೆಲಕ್ಕೆ ಇಳಿಸಿ. ಚೇಳಿನ ಭಯವಿದೆ, ತಳವಿರುವ ಸೊಳ್ಳೆಪರದೆ ಮರೆಯಬೇಡಿ. ಸ್ಮಾರಕಗಳ ಆವರಣದಲ್ಲಿ ತಂಗಬೇಡಿ. ಹೊಲದವರನ್ನು ಕೇಳಿಯೇ ಬಿಡಾರ ಹೂಡಿ.