ಅಜ್ಜನ ತೋಟದ ಸೇಬು ಎಲ್ಲಿ ಹೋಯಿತು?

ಪ್ರಶ್ನೆ: ಹಿಮಾಚಲದ ಕುಲ್ಲು ಕಣಿವೆಯ ತಗ್ಗಿನ ಊರುಗಳಲ್ಲಿ, ಅಜ್ಜನ ತೋಟ ನೋಡಲು ಬಂದ ಮೊಮ್ಮಕ್ಕಳಿಗೆ ಬಂಧುಗಳು ಸೇಬಿನ ಬದಲು ದಾಳಿಂಬೆ ತೋರಿಸುತ್ತಾರಂತೆ. ಏಕೆ?

ಉತ್ತರ: ಚಳಿ ಕಡಿಮೆಯಾಗಿರುವುದೇ ಮುಖ್ಯ ಕಾರಣ. ಅಮೆರಿಕದಿಂದ ಬಂದು ಹಿಮಾಚಲದಲ್ಲಿ ನೆಲೆಸಿದ ಸತ್ಯಾನಂದ ಸ್ಟೋಕ್ಸ್ 1916ರಲ್ಲಿ ಶಿಮ್ಲಾ ಬಳಿಯ ಕೋಟ್‌ಗಢಕ್ಕೆ ತಂದ ಡೆಲಿಷಿಯಸ್ ಸೇಬಿನ ತಳಿಗೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗಿನ ತಂಪು ಸುಮಾರು 1,000 ಗಂಟೆ ಸಿಗಬೇಕು. ಸಿಗದಿದ್ದರೆ ಮೊಗ್ಗುಗಳು ಒಟ್ಟಿಗೆ ಒಡೆಯುವುದಿಲ್ಲ; ಒಂದೇ ಕೊಂಬೆಯಲ್ಲಿ ಇಲ್ಲಿ ಅರಳಿದ ಹೂ, ಅಲ್ಲಿ ಬಿಗಿದ ಮೊಗ್ಗು. ಪರಾಗಸ್ಪರ್ಶ ತಪ್ಪಿ ಕಾಯಿ ಕಚ್ಚುವುದು ಕುಗ್ಗುತ್ತದೆ. ದಾಳಿಂಬೆಗೆ ಒಳ್ಳೆಯ ಬೆಲೆಯಿದೆ, ಅದಕ್ಕೇ ರೈತರು ಬದಲಾದರು ಎನ್ನುವವರಿದ್ದಾರೆ. ಬೆಲೆಯ ಪಾತ್ರವೂ ಇದೆ, ನಿಜ. ಆದರೆ ಬೆಲೆಯೊಂದೇ ಕಾರಣವಾಗಿದ್ದರೆ ಸೇಬಿನ ತೋಟಗಳು ಇನ್ನೂ ಎತ್ತರದ ಲಾಹೌಲ್‌ಗೆ ಹತ್ತುತ್ತಿರಲಿಲ್ಲ. ಕಡಿಮೆ ಚಳಿ ಸಾಕೆನ್ನುವ ‘ಅನ್ನಾ’ದಂಥ ಸೇಬಿನ ತಳಿಗಳಿವೆ, ಆದರೆ ಆ ಹಣ್ಣು ಬಹಳ ದಿನ ತಡೆಯುವುದಿಲ್ಲ. ಹಳೆಯ ಸೇಬನ್ನೇ ನೋಡಬೇಕೆಂದಿದ್ದರೆ ಬಂಧುಗಳ ಜತೆ ಮೇಲಿನ ಊರುಗಳಿಗೆ ಹತ್ತಿ.