ಭೀಮೆಯ ದಂಡೆಯ ಕಬ್ಬು, ದೆಹಲಿಯ ಟೆಂಡರು

ಘತ್ತರಗಿಯ ಭಾಗ್ಯವಂತಿ ಗುಡಿಯಿಂದ ಅಫಜಲಪುರದ ಕಡೆ ಹೊರಟರೆ ಹಂಗಾಮಿನ ತಿಂಗಳುಗಳಲ್ಲಿ ಅರ್ಧ ರಸ್ತೆ ಕಬ್ಬಿನದೇ. ಜೋಡಿ ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಾಲುಗಟ್ಟಿ ಸಾಗುತ್ತವೆ. ಹೊಲದ ಬದಿಯಲ್ಲಿ ಕಬ್ಬು ಕಡಿಯುವ ಟೋಳಿಗಳ ಜೋಪಡಿಗಳು. ತೊಗರಿಯ ನಾಡೆಂದೇ ಹೆಸರಾದ ಕಲಬುರಗಿ ಜಿಲ್ಲೆಯಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಸೀಮೆಗಳು ಕಬ್ಬಿಗೆ ಒಗ್ಗಿಕೊಂಡದ್ದು ನೀರಿನಿಂದ. ಆಳಂದದ ಕೋರಳ್ಳಿಯಲ್ಲಿ ಅಮರ್ಜಾ ಜಲಾಶಯವಿದೆ. ಆ ಹೊಳೆ ದೇವಲಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಅಫಜಲಪುರಕ್ಕೆ ಸೊನ್ನ ಬ್ಯಾರೇಜ್ ಇದೆ. ಅಲ್ಲಿಂದ ಕೆಳಗೆ ಜೇವರ್ಗಿಯ ಹೊಲಗಳಿಗೂ ಭೀಮೆಯೇ ಆಸರೆ. ಮೇಲೆ ಸೊಲ್ಲಾಪುರ ಜಿಲ್ಲೆಯ ಉಜನಿಯಿಂದ ನೀರು ಬಿಟ್ಟರೆ ಇಲ್ಲಿ ಬೆಳೆ, ಹೆಚ್ಚು ಬಿಟ್ಟರೆ ನೆರೆ. 2020ರ ಅಕ್ಟೋಬರಿನಲ್ಲಿ ಈ ದಂಡೆಯ ಊರುಗಳು ಮುಳುಗಿದ್ದನ್ನು ಇಲ್ಲಿಯವರು ಮರೆತಿಲ್ಲ.

ಕಬ್ಬಿನ ಹಿಂದೆ ಕಾರ್ಖಾನೆಗಳು ಬಂದವು. ಆಳಂದದ ಭೂಸನೂರಿನಲ್ಲಿ ಎನ್‌ಎಸ್‌ಎಲ್, ಅಫಜಲಪುರದ ಹವಳಗಾದಲ್ಲಿ ರೇಣುಕಾ, ಚಿಣಮಗೇರಿಯಲ್ಲಿ ಕೆಪಿಆರ್, ಜೇವರ್ಗಿ ಸೀಮೆಯ ಮಳ್ಳಿ–ನಾಗರಹಳ್ಳಿಯಲ್ಲಿ ಉಗಾರ. ಈಗ ಇವನ್ನು ಬರೀ ಸಕ್ಕರೆ ಕಾರ್ಖಾನೆಗಳೆಂದು ಕರೆದರೆ ಅರ್ಧ ಮಾತಾಯಿತು. ಹವಳಗಾ ಮತ್ತು ಚಿಣಮಗೇರಿಯಲ್ಲಿ ಕಬ್ಬು ಎಥೆನಾಲ್ ಕೂಡ ಆಗುತ್ತದೆ. ಭಾರತದ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಈಗ ಶೇ 20ರವರೆಗೆ ಎಥೆನಾಲ್ ಇರುತ್ತದೆ. ತೈಲಬಾವಿಯೇ ಇಲ್ಲದ ಈ ಎರೆಭೂಮಿ ಹಾಗೆ ದೇಶದ ಇಂಧನದ ಲೆಕ್ಕಕ್ಕೆ ಸೇರಿದೆ. ಒಪ್ಪಂದ ಮಾಡುವ ಅಧಿಕಾರ ಯಾರದು, ಬಂದ ಹಣದಲ್ಲಿ ಯಾರಿಗೆಷ್ಟು ಎಂಬ ತೈಲನಾಡುಗಳ ಹಳೆಯ ಜಗಳವೂ ಅದರ ಜೊತೆಗೇ ಇಲ್ಲಿಗೆ ಬಂದಿದೆ.

ಇರಾಕಿನಲ್ಲಿ ಈ ಜಗಳ ನ್ಯಾಯಾಲಯದ ಮೆಟ್ಟಿಲೇರಿತ್ತು. ಕುರ್ದಿಸ್ತಾನ ಪ್ರಾಂತ್ಯ 2007ರಲ್ಲಿ ತನ್ನದೇ ತೈಲ ಕಾನೂನು ಮಾಡಿಕೊಂಡು ವಿದೇಶಿ ಕಂಪನಿಗಳ ಜೊತೆ ಒಪ್ಪಂದಕ್ಕೆ ಇಳಿಯಿತು. 2022ರ ಫೆಬ್ರುವರಿಯಲ್ಲಿ ಬಾಗ್ದಾದಿನ ಸುಪ್ರೀಂ ಕೋರ್ಟ್ ಆ ಕಾನೂನನ್ನು ಅಸಾಂವಿಧಾನಿಕ ಎಂದಿತು. 2023ರ ಮಾರ್ಚಿನಲ್ಲಿ ತುರ್ಕಿಯ ಕಡೆಗಿನ ಪೈಪ್‌ಲೈನ್ ನಿಂತಿತು. ಬಾಗ್ದಾದ್ ಮತ್ತು ಕುರ್ದಿಸ್ತಾನದ ಸರ್ಕಾರಗಳು ರಾಜಿಯಾಗಿ ತೈಲ ಮತ್ತೆ ಹರಿದದ್ದು 2025ರ ಸೆಪ್ಟೆಂಬರಿನಲ್ಲಿ. ನಮ್ಮಲ್ಲಿ ಪೈಪ್‌ಲೈನ್ ಇಲ್ಲ, ಟೆಂಡರ್ ಇದೆ. ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಹಿಂದುಸ್ತಾನ್ ಪೆಟ್ರೋಲಿಯಂ ಸೇರಿ ಎಥೆನಾಲ್ ಖರೀದಿಗೆ ಟೆಂಡರ್ ಕರೆಯುತ್ತವೆ. ಕಬ್ಬಿನ ಎಥೆನಾಲಿನ ಬೆಲೆಯನ್ನು ಕೇಂದ್ರ ಸಂಪುಟ ನಿಗದಿ ಮಾಡುತ್ತದೆ. 2024–25ರ ಸಾಲಿಗೆ ಕಬ್ಬಿನ ಹಾಲಿನದಕ್ಕೆ ಲೀಟರಿಗೆ 65.61 ರೂಪಾಯಿ, ಬಿ–ಹೆವಿ (ಸಕ್ಕರೆ ಪೂರ್ತಿ ತೆಗೆಯದ) ಕಾಕಂಬಿಯದಕ್ಕೆ 60.73 ರೂಪಾಯಿ. ಯಾವ ಡಿಸ್ಟಿಲರಿಯಿಂದ ಎಷ್ಟು ಲೀಟರ್ ಕೊಳ್ಳಬೇಕೆಂಬ ಪಟ್ಟಿಯನ್ನು ತೈಲ ಕಂಪನಿಗಳೇ ತಯಾರಿಸುತ್ತವೆ. ಕಬ್ಬು ಬೆಳೆಯುವ ರಾಜ್ಯಕ್ಕೆ ಆ ಮೇಜಿನ ಬಳಿ ಕುರ್ಚಿಯಿಲ್ಲ.

ಇದರ ಪೆಟ್ಟು ಕೊನೆಗೆ ಬೀಳುವುದು ಹೊಲದ ಮೇಲೆ. 2018ರಿಂದ ಕೇಂದ್ರವೇ ಬಡ್ಡಿ ಸಹಾಯಧನ ಕೊಟ್ಟು ಡಿಸ್ಟಿಲರಿ ಕಟ್ಟಿಸಿತು. ಕಾರ್ಖಾನೆಗಳು ಸಾಲ ಮಾಡಿ ಕಟ್ಟಿದವು. 2023ರ ಡಿಸೆಂಬರ್ 7ರಂದು, ಸಕ್ಕರೆ ಕೊರತೆಯ ಭಯದಲ್ಲಿ, ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದನ್ನು ನಿಲ್ಲಿಸಿ ಎಂಬ ಆದೇಶ ಬಂತು. ಅರೆಯುವ ಹಂಗಾಮು ಆಗಲೇ ಶುರುವಾಗಿತ್ತು. ವಾರ ಕಳೆಯುತ್ತಲೇ ಒಂದಿಷ್ಟು ಸಡಿಲಿಕೆ ಸಿಕ್ಕಿತು, ಪೂರ್ತಿ ನಿರ್ಬಂಧ ಹೋದದ್ದು ಮುಂದಿನ ಆಗಸ್ಟಿನಲ್ಲಿ. ಅಷ್ಟರಲ್ಲಿ ಮೆಕ್ಕೆಜೋಳ, ಅಕ್ಕಿಯ ಎಥೆನಾಲ್ ಮುಂದೆ ಬಂದಿತ್ತು. 2025–26ರ ಸಾಲಿಗೆ ತೈಲ ಕಂಪನಿಗಳು ಹಂಚಿದ ಸುಮಾರು 1,048 ಕೋಟಿ ಲೀಟರಿನಲ್ಲಿ ಕಬ್ಬಿನ ಪಾಲು ಶೇ 28ರಷ್ಟು ಮಾತ್ರ. ಕರ್ನಾಟಕದ ಉತ್ಪಾದನಾ ಸಾಮರ್ಥ್ಯ 270 ಕೋಟಿ ಲೀಟರ್, ನಮಗೆ ಸಿಕ್ಕ ಹಂಚಿಕೆ 47 ಕೋಟಿ ಲೀಟರ್ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ 2025ರ ನವೆಂಬರಿನಲ್ಲಿ ಪ್ರಧಾನಿಗೆ ಬರೆದರು. ಆಹಾರ ಖಾತೆಯ ಕೇಂದ್ರ ಸಚಿವ, ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಆ ಆರೋಪವನ್ನು ಒಪ್ಪಲಿಲ್ಲ. ಯಾರ ಲೆಕ್ಕ ಸರಿ ಎಂಬ ವಾದ ಬೇಗ ಮುಗಿಯುವುದಿಲ್ಲ. ಡಿಸ್ಟಿಲರಿ ಕಟ್ಟಿ ಎಂದು ಹುರಿದುಂಬಿಸಿದವರೇ ಹಂಗಾಮಿನ ನಡುವೆ ಕೈ ಹಿಂದಕ್ಕೆ ಎಳೆದುಕೊಂಡರೆಂಬುದು ಮಾತ್ರ ವಾದಕ್ಕೆ ಎಡೆಯಿಲ್ಲದ ವಿಷಯ.

ಆ ಪತ್ರದ ಹಿಂದೆ ಒಂದು ಹೋರಾಟವಿತ್ತು. ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಕೂತಿದ್ದರು. ನವೆಂಬರ್ 7ರಂದು ಬೆಂಗಳೂರಿನ ಸಭೆಯಲ್ಲಿ ಶೇ 11.25 ರಿಕವರಿಗೆ (ಕಬ್ಬಿನಿಂದ ಇಳಿಯುವ ಸಕ್ಕರೆಯ ಪ್ರಮಾಣ), ಕಟಾವು–ಸಾಗಣೆ ಬಿಟ್ಟು, 3,300 ರೂಪಾಯಿಗೆ ಮಾತು ಮುಗಿಯಿತು. ಅದರಲ್ಲಿ 50 ರೂಪಾಯಿ ರಾಜ್ಯ ಸರ್ಕಾರದ್ದು. ಭೀಮೆಯ ದಂಡೆಯವರಿಗೆ ಆ ಸಂಖ್ಯೆ ಕೇಳಲು ಸಿಹಿ, ಕೈಗೆ ಎಟಕುವುದು ಕಷ್ಟ. ಬೆಳಗಾವಿ ಸೀಮೆಯ ರಿಕವರಿ ಈ ಕಡೆಯ ಕಬ್ಬಿಗೆ ಬರುವುದಿಲ್ಲ. ಕೇಂದ್ರದ ಎಫ್‌ಆರ್‌ಪಿ (ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರ) 2025–26ರಲ್ಲಿ ಶೇ 10.25 ರಿಕವರಿಗೆ ಕ್ವಿಂಟಾಲಿಗೆ 355 ರೂಪಾಯಿ. ಶೇ 9.5 ಅಥವಾ ಅದಕ್ಕೂ ಕಡಿಮೆಯಾದರೆ 329.05 ರೂಪಾಯಿ. ಟನ್ನಿಗೆ ಲೆಕ್ಕ ಹಾಕಿದರೆ 259 ರೂಪಾಯಿ 50 ಪೈಸೆಯ ಅಂತರ. ಎಕರೆಗೆ 40 ಟನ್ ಎಂದು ಹಿಡಿದರೂ ಹತ್ತು ಸಾವಿರ ರೂಪಾಯಿ ದಾಟುತ್ತದೆ. ಅಷ್ಟು ಹಣವನ್ನು ತೀರ್ಮಾನಿಸುವ ರಿಕವರಿಯನ್ನು ಅಳೆಯುವುದು ಕಾರ್ಖಾನೆಯದೇ ಪ್ರಯೋಗಾಲಯ.

ಇಲ್ಲಿ ದೆಹಲಿಯನ್ನು ದೂರಿ ಬೆಂಗಳೂರು ಕೈ ತೊಳೆದುಕೊಳ್ಳುವಂತಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಅಡಿ ಕೇಂದ್ರ ಕನಿಷ್ಠ ದರ ಕಟ್ಟುತ್ತದೆ, 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಶೇ 15 ಬಡ್ಡಿ. ಅದಕ್ಕಿಂತ ಹೆಚ್ಚಿನ ದರ ನಿಗದಿ ಮಾಡಲು ರಾಜ್ಯಕ್ಕೆ ಅಧಿಕಾರವಿದೆ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಏಪ್ರಿಲಿನಲ್ಲಿ ಉತ್ತರ ಪ್ರದೇಶದ ಪ್ರಕರಣದಲ್ಲಿ ಹೇಳಿದೆ. ಕರ್ನಾಟಕ 2013ರಲ್ಲಿ ಕಬ್ಬು ಖರೀದಿ ಮತ್ತು ಪೂರೈಕೆ ನಿಯಂತ್ರಣ ಕಾಯ್ದೆ ತಂದು ಬೇರೆ ದಾರಿ ಹಿಡಿಯಿತು: ಆದಾಯ ಹಂಚಿಕೆ. ರಂಗರಾಜನ್ ಸಮಿತಿ 2012ರಲ್ಲಿ ಹೇಳಿದ್ದ ಸೂತ್ರ ಅದು. ಸಕ್ಕರೆ, ಕಾಕಂಬಿ, ಸಿಪ್ಪೆ, ಪ್ರೆಸ್‌ಮಡ್ ಎಲ್ಲದರ ಗಳಿಕೆಯಲ್ಲಿ ಶೇ 70 ರೈತನಿಗೆ, 30 ಕಾರ್ಖಾನೆಗೆ. ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದ ಸೂತ್ರ ನನಗೆ ಕಾಣುವುದಿಲ್ಲ. ಆದರೆ ಗಳಿಕೆ ಎಷ್ಟೆಂದು ತಿಳಿಯದೆ ಹಂಚಿಕೆ ನಡೆಯುವುದು ಹೇಗೆ? ಕಾಕಂಬಿಗೆ ಎಷ್ಟು ಬೆಲೆ ಕಟ್ಟಿದರು, ಎಥೆನಾಲಿಗೆ ಎಷ್ಟು ಹೋಯಿತು, ರಿಕವರಿ ಎಷ್ಟು ಬಂತು ಎಂಬುದು ಭೂಸನೂರಿನ ಅಥವಾ ಮಳ್ಳಿಯ ರೈತನಿಗೆ ಅವನದೇ ಭಾಷೆಯಲ್ಲಿ, ಕಾರ್ಖಾನೆಯ ಗೇಟಿನಲ್ಲಿ ಬರೆದು ಹಾಕಿರಬೇಕು. ಕಾಟಾದ ತೂಕ, ರಿಕವರಿ ತಪಾಸಣೆಗೆ ಕೇಂದ್ರದ ಅಪ್ಪಣೆ ಬೇಕಿಲ್ಲ. ರಾಜ್ಯದ ಸಕ್ಕರೆ ಸಂಸ್ಥೆ ಇರುವುದು ದೂರದ ಬೆಳಗಾವಿಯಲ್ಲಿ. ವೈಜನಾಥ ಪಾಟೀಲರಂಥವರು ದಶಕಗಳ ಕಾಲ ಬಡಿದಾಡಿದ ಮೇಲೆ ಈ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಬಂದಿದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಅನುದಾನವಿದೆ. ಅದರಲ್ಲಿ ಕಲಬುರಗಿಗೊಂದು ಸ್ವತಂತ್ರ ರಿಕವರಿ ಪ್ರಯೋಗಾಲಯ ಆಗಬೇಕು. ಇದು ನನ್ನ ಸ್ಪಷ್ಟ ಅಭಿಪ್ರಾಯ.

ಕಾನೂನಿನ ಗಾಳಿ ರಾಜ್ಯಗಳ ಕಡೆಗೂ ಬೀಸಿದೆ. 2024ರ ಅಕ್ಟೋಬರ್ 23ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಕೈಗಾರಿಕಾ ಮದ್ಯಸಾರದ ಮೇಲೂ ರಾಜ್ಯಗಳಿಗೆ ಅಧಿಕಾರವಿದೆ ಎಂದು 8–1ರ ಬಹುಮತದಿಂದ ತೀರ್ಪು ಕೊಟ್ಟಿತು. ಭಿನ್ನಮತ ಬರೆದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ತೀರ್ಪು ನಿಯಂತ್ರಣದ ಅಧಿಕಾರ ಕೊಟ್ಟಿದೆ, ಖರೀದಿಯ ಒಪ್ಪಂದ ಮಾತ್ರ ತೈಲ ಕಂಪನಿಗಳ ಕೈಯಲ್ಲೇ ಇದೆ. ಪೆಟ್ರೋಲಿನ ತೆರಿಗೆಯಲ್ಲೂ ಹಾಗೆಯೇ. 2025ರ ಏಪ್ರಿಲಿನ ಏರಿಕೆಯ ನಂತರ ಬ್ರ್ಯಾಂಡ್ ಇಲ್ಲದ ಪೆಟ್ರೋಲಿನ ಮೇಲೆ ಕೇಂದ್ರದ ಸುಂಕ ಲೀಟರಿಗೆ 21.90 ರೂಪಾಯಿ ಆಯಿತು. ರಾಜ್ಯಗಳ ಜೊತೆ ಹಂಚಿಕೆಗೆ ಬರುವ ಮೂಲ ಸುಂಕ ಅದರಲ್ಲಿ 1.40 ರೂಪಾಯಿ ಇತ್ತು. ಉಳಿದದ್ದು ಸೆಸ್ಸು, ವಿಶೇಷ ಸುಂಕಗಳ ಹೆಸರಿನಲ್ಲಿ ದೆಹಲಿಯಲ್ಲೇ ನಿಲ್ಲುತ್ತದೆ.

ಕಬ್ಬು ತೊಗರಿಯಂತಲ್ಲ. ತೊಗರಿಯ ಬೆಲೆ ಬಿದ್ದರೆ ಮುಂದಿನ ಮುಂಗಾರಿಗೆ ಬೆಳೆ ಬದಲಿಸಬಹುದು. ಕಬ್ಬು ನೆಟ್ಟವನು ವರ್ಷ ಕಾಯಬೇಕು, ಕೂಳೆ ಬಿಟ್ಟರೆ ಇನ್ನೊಂದು ವರ್ಷ. ಎಥೆನಾಲ್ ಪೂರೈಕೆಯ ವರ್ಷ ಶುರುವಾಗುವುದು ನವೆಂಬರ್ 1ಕ್ಕೆ. ಆ ಹೊತ್ತಿಗೆ ಅಫಜಲಪುರದ ಹೊಲದಲ್ಲಿ ಕಬ್ಬು ಕಟಾವಿಗೆ ಬಂದು ನಿಂತಿರುತ್ತದೆ. ಹಂಚಿಕೆಯ ಲೆಕ್ಕ ಎರಡು ಹಂಗಾಮು ಮೊದಲೇ ಪ್ರಕಟವಾಗಬೇಕು, ಪಟ್ಟಿ ಮಾಡುವ ಮುನ್ನ ಕಬ್ಬು ಬೆಳೆಯುವ ರಾಜ್ಯಗಳ ಸಕ್ಕರೆ ಇಲಾಖೆಗಳನ್ನು ಕೂರಿಸಿಕೊಂಡು ಮಾತಾಡಬೇಕು. ಕರ್ನಾಟಕ ದೆಹಲಿಗೆ ಬರೆಯುವ ಮುಂದಿನ ಪತ್ರದಲ್ಲಿ ಲೀಟರಿನ ಲೆಕ್ಕಕ್ಕಿಂತ ಮೊದಲು ಕೇಳಬೇಕಾದ್ದು ಈ ಎರಡನ್ನು.